ಹಾಸಿಗೆ ನೋಡಿದವರೇ ಹೇಳಬೇಕು

"ಆ ಮನೆಗೆ ನಾನೊಬ್ಬನೇ ಹೋಗಲ್ಲ, ಅರ್ಲೀನ್. ನನ್ನ ಮುಖ ನೋಡಿದರೆ ಸಾಕು, ಯಾಕೆ ಬಂದೆ ಅಂತ ನನಗಿಂತ ಮೊದಲು ಅವನೇ ಹೇಳಿಬಿಡ್ತಾನೆ" ಎಂದ ಗೀಡೊ.

ನಾವಿಬ್ಬರೂ ಸಂಘದ ಅಡುಗೆಮನೆಯಲ್ಲಿ ಶುಕ್ರವಾರದ ಮೀನೂಟದ ಬಾಣಲೆಗಳನ್ನು ತಿಕ್ಕುತ್ತಿದ್ದೆವು. ಗೀಡೊ ನಮ್ಮ ಲಾಟೀನು ಸೋದರರ ಸಂಘದ ಯಜಮಾನ. ಹೊಟ್ಟೆಪಾಡಿಗೆ ಜೀವನವಿಡೀ ಈ ಊರಿನ ನಲ್ಲಿ ರಿಪೇರಿ ಮಾಡಿದವನು. ಬಾಣಲೆ ತಿಕ್ಕುವುದರಲ್ಲಿ ಮಾತ್ರ ಬಲು ಸೋಮಾರಿ.

"ಏನು ನೋಡಿದೆ ಹೇಳು ಮೊದಲು" ಎಂದೆ.

"ಊಟದ ಹೊತ್ತಲ್ಲಿ ಇಲ್ಲೇ ಸಭಾಂಗಣದಲ್ಲಿ ಗೋಡೆ ಹಿಡ್ಕೊಂಡು ನಡೀತಿದ್ದ. ಯಾರಾದರೂ ನೋಡಿದ ತಕ್ಷಣ ಕೈ ತೆಗೆದು, ಗೋಡೆ ಮೇಲಿನ ಫೋಟೋ ನೋಡೋನ ಹಾಗೆ ನಿಂತ್ಕೋತಿದ್ದ. ಅಲ್ಲಾ ಕಣೇ, ಆ ಫೋಟೋಗಳನ್ನ ಅವನು ನಲವತ್ತು ವರ್ಷದಿಂದ ನೋಡ್ತಿದ್ದಾನೆ. ಇವತ್ತೇನು ಹೊಸದು?"

ಅವನು ಹೇಳುತ್ತಿದ್ದುದು ತೌನೊ ಕೆಸ್ಕಿತಾಲೊ ಅವರ ವಿಷಯ. ತೌನೊ ನಮ್ಮ ಸಂಘದ ದೀಪದವರು. ದೀಪದವರೆಂದರೆ ಯಾರು ಅಂತ ಹೇಳಬೇಕಾದರೆ ಸಂಘದ ಹುಟ್ಟನ್ನೇ ಹೇಳಬೇಕು. ಅದನ್ನು ನಾನು ಎಷ್ಟು ಸಲ ಹೇಳಿದರೂ ನನಗೆ ಬೇಸರವಾಗುವುದಿಲ್ಲ, ಕೇಳುವವರ ಮಾತು ಬೇರೆ.

ಈ ಊರಿನ ಕಬ್ಬಿಣದ ಗಣಿ ಹೊಸದಾಗಿದ್ದಾಗ, ಹೆಂಡತಿ ಮಕ್ಕಳಿಲ್ಲದ ಕೂಲಿಗಳೆಲ್ಲ ಒಂದು ಬೋರ್ಡಿಂಗ್ ಮನೆಯಲ್ಲಿದ್ದರು. ಹಗಲು ಪಾಳಿಯವರು ಬಿಟ್ಟೆದ್ದ ಹಾಸಿಗೆಯಲ್ಲಿ ರಾತ್ರಿ ಪಾಳಿಯವರು ಬಂದು ಮಲಗುತ್ತಿದ್ದರು. ಅಲ್ಲಿ ಯಾಲ್ಮರ್ ಎಂಬ ಸ್ವೀಡನ್ನಿನ ಹುಡುಗನ ಕಾಲು ಅದಿರಿನ ಗಾಡಿಗೆ ಸಿಕ್ಕಿತು. ಗಲಾಟೆ ಬೇಡವೆಂದು ಅವನನ್ನು ಹಿಂದಿನ ಉಗ್ರಾಣದಲ್ಲಿ ಮಲಗಿಸಿದರು. ರಾತ್ರಿಯವರು ಸೂಪು ಕೊಡುತ್ತಾರೆಂದು ಹಗಲಿನವರು ಅಂದುಕೊಂಡರು, ಹಗಲಿನವರು ಕೊಟ್ಟಿರುತ್ತಾರೆಂದು ರಾತ್ರಿಯವರು. ಬಾಗಿಲ ಹೊರಗಿನಿಂದ ಯಾರಾದರೂ ಕೂಗಿ ಕೇಳಿದರೆ ಹುಡುಗ, "ನಾನು ಚೆನ್ನಾಗಿದ್ದೀನಿ" ಎನ್ನುತ್ತಿದ್ದ. ಆಮೇಲೆ ಒಂದು ದಿನ ಅದೂ ಕೇಳಿಸಲಿಲ್ಲ. ಒಳ್ಳೆಯವರೇ ತುಂಬಿದ್ದ ಮನೆಯಲ್ಲಿ ಒಬ್ಬ ಹುಡುಗ ಹಸಿವಿನಿಂದಲೂ ಜ್ವರದಿಂದಲೂ ಹೋಗಿಬಿಟ್ಟ.

ಅವನನ್ನು ಮಣ್ಣು ಮಾಡಿ ಬಂದ ದಿನವೇ ಆ ಕೂಲಿಗಳು ಸಂಘ ಕಟ್ಟಿದರು. ಅವರಲ್ಲಿ ಅರ್ಧ ಜನರ ಮಾತು ಇನ್ನರ್ಧ ಜನರಿಗೆ ತಿಳಿಯುತ್ತಿರಲಿಲ್ಲ, ಆದ್ದರಿಂದ ನಿಯಮಗಳನ್ನು ಚಿಕ್ಕದಾಗಿಟ್ಟರು. ಪ್ರತಿ ಸಭೆಯಲ್ಲೂ ಯಜಮಾನ ಎದ್ದು, "ನಮ್ಮಲ್ಲಿ ಯಾರಾದರೂ ಮಲಗಿದ್ದಾರೆಯೇ?" ಎಂದು ಕೇಳಬೇಕು. ತನ್ನ ವಿಷಯವನ್ನು ತಾನೇ ಯಾರೂ ಹೇಳುವಂತಿಲ್ಲ, ಏಕೆಂದರೆ ಮಲಗಿದವನು ಯಾವಾಗಲೂ ಚೆನ್ನಾಗಿದ್ದೀನಿ ಅಂತಲೇ ಅನ್ನುತ್ತಾನೆ. ಕೇಳಿದ ಸುದ್ದಿ ನಡೆಯುವುದಿಲ್ಲ. ಒಳಗೆ ಹೋಗಿ ಹಾಸಿಗೆಯನ್ನು ಕಣ್ಣಾರೆ ನೋಡಿದವರೇ ಹೇಳಬೇಕು. ಆ ಮಾತು ಇತ್ಯರ್ಥವಾಗುವ ತನಕ ಸಭೆ ಮುಗಿಯುವಂತಿಲ್ಲ. ಮನೆಮನೆಗೆ ಹೋಗಿ ನೋಡಿ ಬರುವ ಕೆಲಸಕ್ಕೆ ಒಬ್ಬರನ್ನು ನೇಮಿಸಿ ಕೈಗೊಂದು ಗಣಿಯ ಲಾಟೀನು ಕೊಟ್ಟರು. ಅವರೇ ದೀಪದವರು.

ಸಂಘ ಬೆಳೆಯಿತು. ಒಂದು ಕಾಲಕ್ಕೆ ಸುತ್ತಲಿನ ಗಣಿಯೂರುಗಳಲ್ಲೆಲ್ಲ ಶಾಖೆಗಳಿದ್ದವು, ಅನಾಥ ಮಕ್ಕಳ ಮನೆಯೊಂದಿತ್ತು, ಮೆರವಣಿಗೆಗೆ ನಮ್ಮದೇ ಬ್ಯಾಂಡಿತ್ತು. ಗಣಿ ಮುಚ್ಚಿತು, ಬ್ಯಾಂಡು ಹೋಯಿತು. ಉಳಿದಿರುವುದು ನಾವು ಹನ್ನೆರಡು ಜನ ಮತ್ತು ಒಂದು ಉಗ್ರಾಣದ ತುಂಬ ಗಾಲಿಕುರ್ಚಿ, ಊರುಗೋಲು, ತಲೆಯ ಕಡೆ ಎತ್ತಬಹುದಾದ ಮಂಚಗಳು. ಸದಸ್ಯರಾಗಿರಲಿ ಬಿಡಲಿ, ಈ ಸೀಮೆಯಲ್ಲಿ ಯಾರಿಗೆ ಬೇಕಾದರೂ ಪುಕ್ಕಟೆ ಕೊಡುತ್ತೇವೆ. ಹನ್ನೆರಡು ಜನ ಸಾಕು. ಮಂಚ ಎತ್ತಲು ನಾಲ್ಕು ಜನ ಬೇಕು, ಮಿಕ್ಕವರು ಬಾಗಿಲು ಹಿಡಿಯುತ್ತಾರೆ.

ನಾನು ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು. ಎರಡು ಚಳಿಗಾಲದಿಂದ ತೌನೊ ಅವರ ಜೊತೆ ಹೋಗಿ ಕೆಲಸ ಕಲಿಯುತ್ತಿದ್ದೆ. ಅವರು ಕಲಿಸುವ ರೀತಿಯೇ ಬೇರೆ. "ಹೇಗಿದ್ದೀರಿ ಅಂತ ಮಾತ್ರ ಕೇಳಬೇಡ, ಅದು ಸುಳ್ಳು ಹೇಳಿ ಅಂತ ಕೇಳಿಕೊಂಡ ಹಾಗೆ" ಎನ್ನುತ್ತಿದ್ದರು. ಕುಡಿಯಲು ನೀರು ಕೇಳು, ಆಗ ಅವರು ಏಳಬೇಕಾಗುತ್ತದೆ. ಹೇಗೆ ಏಳುತ್ತಾರೆ ನೋಡು. ಪಾತ್ರೆ ತೊಳೆಯುವ ತೊಟ್ಟಿ ನೋಡು. ಮೇಲಿನ ಬಚ್ಚಲಿಗೆ ಹೋಗಬಹುದೇ ಎಂದು ಕೇಳಿ, ಹತ್ತುವಾಗ ಮೆಟ್ಟಿಲ ಮೇಲಿನ ಧೂಳು ನೋಡು. ನಾನು ಹೀಗೆಲ್ಲ ಕಲಿತು ಊರವರ ಮನೆಗಳಲ್ಲಿ ಎಷ್ಟೋ ಸಂಗತಿ ಕಂಡುಹಿಡಿದೆ. ಕಂಡುಹಿಡಿದದ್ದನ್ನು ಹೇಳಲು ತೌನೊ ಅವರ ಪಕ್ಕದಲ್ಲಿ ಕಾರಿನಲ್ಲಿ ಕೂರುತ್ತಿದ್ದೆ. ಪಕ್ಕದಲ್ಲಿದ್ದವರನ್ನು ಮಾತ್ರ ನೋಡಿರಲಿಲ್ಲ. ನಮ್ಮ ಸಂಘದಲ್ಲಿ ಯಾರೂ ನೋಡಿರಲಿಲ್ಲ. ದೀಪದವರು ಇದ್ದಾರಲ್ಲ, ನೋಡುವ ಕೆಲಸ ಅವರದು ಅಂದುಕೊಂಡಿದ್ದೆವು. ಇಂಥ ತಪ್ಪು ನಮ್ಮಂಥವರಿಂದ ಮಾತ್ರ ಆಗುತ್ತದೆ.

ಶನಿವಾರ ಮಧ್ಯಾಹ್ನ ನಾನೂ ಗೀಡೊವೂ ಹೋದೆವು. ಮಾಂಸ, ಆಲೂಗಡ್ಡೆ ತುಂಬಿದ ಬಿಸಿ ಪಾಸ್ಟಿಗಳನ್ನು ಟವೆಲಿನಲ್ಲಿ ಸುತ್ತಿಕೊಂಡಿದ್ದೆ. ಅಂಗಳದ ಹಿಮ ಕಡಿದು ದಾರಿ ಮಾಡಿತ್ತು. ನಾವು ತಟ್ಟುವ ಮೊದಲೇ ಬಾಗಿಲು ತೆರೆಯಿತು. ತೌನೊ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕ್ಷೌರ ಮಾಡಿಕೊಂಡು ನೆಟ್ಟಗೆ ನಿಂತಿದ್ದರು.

"ಪಾಸ್ಟಿ ತಂದ್ಯಾ?" ಎಂದರು ನನ್ನ ಕೈ ನೋಡಿ. "ತಪ್ಪು. ಸೂಪ್ ತರಬೇಕಿತ್ತು. ಪಾಸ್ಟಿನ ಕೂತಲ್ಲೇ ಕೈಯಲ್ಲಿ ಹಿಡಿದು ತಿನ್ನಬಹುದು. ಸೂಪಿಗಾದರೆ ಮನೆಯವನು ಬಟ್ಟಲು ತರೋಕೆ ಏಳಬೇಕು. ಎಷ್ಟು ಸಲ ಹೇಳಿಕೊಟ್ಟಿದ್ದೀನಿ?"

"ನಾವು ಸುಮ್ಮನೆ ಬಂದ್ವಿ, ಈ ಕಡೆ ಹೋಗ್ತಾ ಇದ್ವಿ" ಎಂದ ಗೀಡೊ.

"ಈ ರಸ್ತೆ ನನ್ನ ಮನೆಗೆ ಮುಗಿಯುತ್ತೆ ಗೀಡೊ. ಆಚೆಗೆ ಇರೋದು ಕರಡಿ. ಕೂತ್ಕೋ. ಕುಡಿಯೋಕೆ ನೀರು ಬೇಕಿತ್ತಲ್ವಾ? ಮೇಜಿನ ಮೇಲೆ ಎರಡು ಲೋಟ ಇಟ್ಟಿದ್ದೀನಿ."

ನಿಜಕ್ಕೂ ಇಟ್ಟಿದ್ದರು. ನಮ್ಮನ್ನು ಮುಂದಿನ ಕೋಣೆಯಲ್ಲಿ ಕೂರಿಸಿದರು. ಅಡುಗೆಮನೆಯ ಬಾಗಿಲು ಮುಚ್ಚಿತ್ತು.

"ನಾನು ಸ್ವಲ್ಪ ಮೇಲೆ ಬಚ್ಚಲಿಗೆ..." ಎಂದು ಶುರುಮಾಡಿದೆ.

"ಕೆಳಗೇ ಒಂದಿದೆ. ಗೀಡೊನೇ ಹಾಕಿಕೊಟ್ಟಿದ್ದು. ಇವತ್ತಿಗೂ ಸೋರುತ್ತೆ."

"ಅದು ನನ್ನ ತಪ್ಪಲ್ಲ, ನೀನು ಅಗ್ಗದ ನಲ್ಲಿ ತಂದಿದ್ದೆ" ಎಂದು ಗೀಡೊ ಜಗಳಕ್ಕೆ ನಿಂತ. ಬಂದ ಕೆಲಸ ಅವನಿಗೆ ಮರೆತೇಹೋಗಿತ್ತು.

ನನಗೆ ನಗು ಬಂತು, ಜೊತೆಗೆ ಸಂಕಟವೂ ಆಯಿತು. ಈ ಮನುಷ್ಯ ನಮಗೆ ಪರೀಕ್ಷೆಯ ಪ್ರಶ್ನೆಗಳನ್ನೆಲ್ಲ ಹೇಳಿಕೊಟ್ಟು, ಈಗ ಎಲ್ಲಕ್ಕೂ ಉತ್ತರ ಸಿದ್ಧ ಮಾಡಿಟ್ಟುಕೊಂಡು ಕೂತಿದ್ದರು. ಅವರು ಕಲಿಸಿದ ಯಾವುದರಿಂದಲೂ ಅವರನ್ನು ಹಿಡಿಯಲು ಸಾಧ್ಯವಿರಲಿಲ್ಲ. ಕಲಿಸದೆ ಇದ್ದದ್ದು ಏನಾದರೂ ಇದೆಯೇ ಎಂದು ಯೋಚಿಸುತ್ತ ಕಿಟಕಿಯ ಹೊರಗೆ ನೋಡಿದೆ.

ಹಿತ್ತಿಲಲ್ಲಿ ಅವರ ಸೌನಾ ಇತ್ತು. ಬೆವರು ಸ್ನಾನದ ಆ ಪುಟ್ಟ ಮರದ ಮನೆಯನ್ನು ತೌನೊ ಮತ್ತು ಅವರ ಹೆಂಡತಿ ಇರ್ಯಾ ಸೇರಿ ಕಟ್ಟಿದ್ದರು. ಇಲ್ಲಿನ ಫಿನ್ನಿಷ್ ಜನ ಭಾನುವಾರದ ಚರ್ಚು ತಪ್ಪಿಸಿಯಾರು, ಶನಿವಾರದ ಸೌನಾ ತಪ್ಪಿಸುವುದಿಲ್ಲ. ಇರ್ಯಾಳನ್ನು ಮಣ್ಣು ಮಾಡಿದ್ದೂ ಒಂದು ಶನಿವಾರವೇ. ಅವತ್ತು ಸಂಜೆಯೂ ಆ ಹೊಗೆಗೂಡಿನಿಂದ ಹೊಗೆ ಎದ್ದಿತ್ತು. ಈಗ ಮನೆಯಿಂದ ಸೌನಾದವರೆಗೆ ಹಿಮ ಹಾಸಿದ ಹಾಗೆ ಬಿದ್ದಿತ್ತು. ಒಂದು ಹೆಜ್ಜೆಯ ಗುರುತೂ ಇರಲಿಲ್ಲ. ಬಾಗಿಲ ಚಿಲಕದ ತನಕ ಹಿಮ ಏರಿತ್ತು.

"ತೌನೊ, ಇವತ್ತು ಶನಿವಾರ" ಎಂದೆ.

"ಗೊತ್ತು."

"ಸೌನಾಗೆ ಬೆಂಕಿ ಹಾಕಿಲ್ಲ."

ಅವರ ಮುಖ ನನ್ನಿಂದ ಕಿಟಕಿಗೆ ತಿರುಗಿತು. "ಪೈಪು ಕೆಟ್ಟಿದೆ" ಎಂದರು.

ಗೀಡೊ ಲೋಟ ಕೆಳಗಿಟ್ಟ. "ಯಾವ ಪೈಪೋ? ಅಲ್ಲಿ ಪೈಪೇ ಇಲ್ಲ. ನಾನು ಹಾಕಿಕೊಡ್ತೀನಿ ಅಂದಾಗ, ಸೌನಾಗೆ ನೀರು ಬಕೆಟ್ಟಲ್ಲೇ ಹೊರಬೇಕು, ಪೈಪು ಹಾಕೋದು ನಿಮ್ಮ ಇಟಲಿಯೋರು ಮಾತ್ರ ಅಂತ ನನ್ನನ್ನ ಓಡಿಸಿದ್ದೆ."

ಕುರ್ಚಿಯ ಕೈ ಹಿಡಿದಿದ್ದ ತೌನೊ ಅವರ ಬೆರಳುಗಳು ಬೆಳ್ಳಗಾಗಿದ್ದವು. ಬಾಗಿಲಲ್ಲಿ ನಮ್ಮನ್ನು ಬರಮಾಡಿಕೊಂಡವರು ಆ ಕುರ್ಚಿಗೆ ಬಂದು ಕೂತ ಮೇಲೆ ಒಂದು ಸಲವೂ ಎದ್ದಿರಲಿಲ್ಲ ಎಂಬುದು ಆಗ ಹೊಳೆಯಿತು.

"ಸೊಂಟಾನಾ?" ಎಂದು ಮೆತ್ತಗೆ ಕೇಳಿದೆ.

"ಅರ್ಲೀನ್, ಮಂಗಳವಾರದ ಸಭೇಲಿ ನೀನು ಎದ್ದು ನಿಲ್ಲಬೇಡ" ಎಂದರು. ಧ್ವನಿಯಲ್ಲಿದ್ದ ತಮಾಷೆಯೆಲ್ಲ ಇಳಿದುಹೋಗಿತ್ತು. "ಮಲಗಿದವನು ಎದ್ದೇಳೋ ತನಕ ದೀಪ ಇನ್ನೊಬ್ಬರ ಕೈಗೆ ಕೊಡಬೇಕು, ಅದು ನಿಯಮ. ಎದ್ದು ವಾಪಸ್ ತಗೊಂಡೋರನ್ನ ನಾನು ಒಬ್ಬರನ್ನೂ ನೋಡಿಲ್ಲ. ಇರ್ಯಾ ಹೋದ ಮೇಲೆ ಬೆಳಗ್ಗೆ ನನ್ನನ್ನ ಬೂಟು ಹಾಕ್ಕೊಳ್ಳೋ ಹಾಗೆ ಮಾಡಿರೋದು ಅದೊಂದೇ. ಅದನ್ನ ಕಿತ್ಕೋಬೇಡ."

"ಇಲ್ಲಿ ಬಿದ್ದರೆ ಯಾರಿಗೆ ಗೊತ್ತಾಗುತ್ತೆ ತೌನೊ? ನೀವೇ ಹೇಳಿದ್ರಲ್ಲ, ಆಚೆಗೆ ಇರೋದು ಕರಡಿ."

"ಬಿದ್ದಿಲ್ಲವಲ್ಲ."

ನಾನು ಆಗಲಿ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ದಾರಿಯಲ್ಲಿ ಗೀಡೊ, "ಪಾಪ ಕಣೇ, ಬಿಟ್ಟುಬಿಡೋಣ್ವಾ?" ಎಂದ. ಬಿಡುವ ಪ್ರಶ್ನೆಯೇ ಇಲ್ಲ ಎಂದೆ. ವರ್ಷಗಟ್ಟಲೆ ಗಲಾಟೆ ಮಕ್ಕಳನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಐಸು ಕಟ್ಟಿದ ರಸ್ತೆಯಲ್ಲಿ ಓಡಿಸಿದವಳು ನಾನು. ಹಿಂದಿನ ಸೀಟಿನವರು ಬೇಡ ಅಂದರೆಂದು ಬ್ರೇಕು ಹಾಕುವುದನ್ನು ಬಿಡುವುದಿಲ್ಲ.

ಮಂಗಳವಾರ ಸಂಜೆ ಎಲ್ಲರೂ ಬಂದಿದ್ದರು. ಹೆಗಲ ಮೇಲೆ ನೀಲಿ ಮಖಮಲ್ಲಿನ ಪಟ್ಟಿ ಹಾಕಿಕೊಂಡು ಕೂತೆವು. ನಡುವಿನ ಮೇಜಿನ ಮೇಲೆ ಲಾಟೀನು ಉರಿಯುತ್ತಿತ್ತು. ಗೀಡೊ ಸುತ್ತಿಗೆ ಬಡಿದು, ಮಾಮೂಲಿ ಕೆಲಸ ಮುಗಿಸಿ, ಎದ್ದು ನಿಂತು ಕೇಳಿದ. "ನಮ್ಮಲ್ಲಿ ಯಾರಾದರೂ ಮಲಗಿದ್ದಾರೆಯೇ?"

ಮೊದಲು ಉತ್ತರ ಕೊಡಬೇಕಾದವರು ದೀಪದವರು. ತೌನೊ ಮೇಜಿನ ಅಂಚಿಗೆ ಕೈಯೂರಿ ಎದ್ದರು. "ಚರ್ಚಿನ ಪಕ್ಕದ ವಿಧವೆಗೆ ಕೊಟ್ಟ ಗಾಲಿಕುರ್ಚಿ ವಾಪಸ್ ಬಂತು, ಈಗ ಅವಳೇ ಓಡಾಡ್ತಾಳೆ. ಬೇರೆ ಯಾರೂ ಮಲಗಿಲ್ಲ."

ನಾನು ಎದ್ದೆ. "ಯಜಮಾನರೇ, ಒಬ್ಬರು ಮಲಗಿದ್ದಾರೆ. ಸೋದರ ತೌನೊ ಕೆಸ್ಕಿತಾಲೊ."

ತೌನೊ ಇನ್ನೂ ನಿಂತೇ ಇದ್ದರು. ನನ್ನ ಕಡೆ ತಿರುಗಿದ ಅವರ ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ಚದುರಂಗ ಆಡುವವರ ಹೊಳಪಿತ್ತು.

"ಸೋದರಿ ಅರ್ಲೀನ್ ಆ ಮನೆ ಒಳಗೆ ಹೋಗಿದ್ದರಾ?"

"ಹೋಗಿದ್ದೆ."

"ಹಾಸಿಗೆ ನೋಡಿದ್ದರಾ?"

ಮೇಲಕ್ಕೆ ಹೋಗಲು ಬಿಟ್ಟಿರಲಿಲ್ಲ, ಅಡುಗೆಮನೆಯ ಬಾಗಿಲೂ ಮುಚ್ಚಿತ್ತಲ್ಲ. "ಇಲ್ಲ."

"ಹಾಗಾದರೆ ಆ ಮಾತು ನಿಲ್ಲೋದಿಲ್ಲ, ಯಜಮಾನರೇ. ಕಿಟಕಿಯಿಂದ ಹಿಮ ನೋಡಿ ಬಂದು ಯಾರನ್ನೂ ಮಲಗಿಸೋ ಹಾಗಿಲ್ಲ."

ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ಗೀಡೊ ಸುತ್ತಿಗೆ ಹಿಡಿದು, ಬಡಿಯಲೋ ಬೇಡವೋ ಎಂದು ನನ್ನ ಮುಖ ನೋಡಿದ. ನಾನು ಕೂರಲಿಲ್ಲ.

"ನಿಜ, ನಿಲ್ಲೋದಿಲ್ಲ. ಆದರೆ ಇತ್ಯರ್ಥ ಆಗೋ ತನಕ ಸಭೆ ಮುಗಿಯೋದೂ ಇಲ್ಲ ಅಂತ ಇದೇ ದೀಪದವರು ನನಗೆ ಹೇಳಿಕೊಟ್ಟಿದ್ದಾರೆ. ಸಭೆ ನಡೀತಿರಲಿ. ಎಲ್ಲರೂ ಕೋಟು ಹಾಕ್ಕೊಳ್ಳಿ, ಹೋಗಿ ಹಾಸಿಗೆ ನೋಡಿಕೊಂಡು ಬರೋಣ."

"ಪಟ್ಟಿ ತೆಗೀಬೇಕಾ?" ಎಂದು ಕೇಳಿದಳು ನಮ್ಮ ಕಾರ್ಯದರ್ಶಿ ಒಟಿಲಿ. ನಮ್ಮಲ್ಲೆಲ್ಲ ಹಿರಿಯಳು, ಎಲ್ಲದಕ್ಕೂ ಸರಿಯಾದ ಪದ್ಧತಿ ಬೇಕು ಅವಳಿಗೆ.

"ಸಭೆ ನಡೀತಿದೆ ಅಂದಮೇಲೆ ಪಟ್ಟಿ ಇರಲಿ" ಎಂದ ಗೀಡೊ. ಅವನಿಗೆ ಧೈರ್ಯ ಬಂದಿತ್ತು.

ತೌನೊ ನನ್ನ ಕಾರಿನಲ್ಲೇ ಕೂತರು. ಹತ್ತುವಾಗ ಕಾಲನ್ನು ಎರಡೂ ಕೈಯಿಂದ ಎತ್ತಿ ಒಳಗಿಟ್ಟುಕೊಂಡರು. ನಾನು ಕಾಣದವಳ ಹಾಗೆ ರಸ್ತೆ ನೋಡುತ್ತಿದ್ದೆ. ಹಿಂದೆ ನಾಲ್ಕು ಕಾರು, ಗೀಡೊನ ಪಿಕಪ್ಪು.

"ಮನೆಯವನ ಒಪ್ಪಿಗೆ ಇಲ್ಲದೆ ಒಳಗೆ ಬರೋ ಹಾಗಿಲ್ಲ. ನಾನು ಬಾಗಿಲು ತೆಗೀದೆ ಹೋದರೆ?" ಎಂದರು.

"ಅಂಗಳದಲ್ಲೇ ಸಭೆ ಮುಂದುವರಿಸ್ತೀವಿ. ಒಟಿಲಿ ಬರೀ ತೆಳ್ಳಗಿನ ಚರ್ಚಿನ ಬೂಟು ಹಾಕ್ಕೊಂಡು ಬಂದಿದ್ದಾಳೆ."

"ಮುದುಕೀನ ಚಳೀಲಿ ನಿಲ್ಲಿಸಿ ನನ್ನನ್ನ ಹೆದರಿಸ್ತೀಯಾ?"

"ಹೌದು."

ಅವರು ಕನ್ನಡಿಯಲ್ಲಿ ಹಿಂದಿನ ಕಾರುಗಳ ಸಾಲು ನೋಡಿದರು. ಆಮೇಲೆ, "ಒಳ್ಳೇ ಉಪಾಯ. ನನಗೆ ಹೊಳೆದಿರಲಿಲ್ಲ" ಎಂದು ಒಪ್ಪಿಕೊಂಡರು.

ಬಾಗಿಲು ಅವರೇ ತೆರೆದರು. ಮುಂದಿನ ಕೋಣೆ ದಾಟಿ, ಒಂದು ಗಳಿಗೆ ನಿಂತು, ಅಡುಗೆಮನೆಯ ಬಾಗಿಲನ್ನೂ ತೆರೆದು ಪಕ್ಕಕ್ಕೆ ಸರಿದರು. ನಾವು ಒಬ್ಬೊಬ್ಬರಾಗಿ ಒಳಗೆ ಹೋದೆವು.

ಒಲೆಯ ಹಿಂದೆ ಒಂದು ಉದ್ದನೆಯ ಮರದ ಬೆಂಚು. ಅದರ ಮೇಲೆ ಹಳೆಯ ಕೋಟುಗಳು, ಮೇಲೊಂದು ಕಂಬಳಿ. ಅದೇ ಹಾಸಿಗೆ. ಹಿತ್ತಿಲ ಕಡೆಯ ಬಾಗಿಲ ಹಿಡಿಕೆಯಿಂದ ಬೆಂಚಿನ ತನಕ ದಪ್ಪ ಹಗ್ಗವೊಂದನ್ನು ಬಿಗಿದು, ಅದಕ್ಕೆ ಗಂಟು ಗಂಟು ಹಾಕಿತ್ತು; ಎದ್ದೇಳಲು ಒಂದೊಂದೇ ಗಂಟು ಹಿಡಿದು ಮೈ ಎಳೆದುಕೊಳ್ಳುತ್ತಿದ್ದರು. ಗಂಟುಗಳು ಕೈ ತಾಗಿ ತಾಗಿ ಕಪ್ಪಾಗಿದ್ದವು. ಬೂಟುಗಳು ಬೆಂಚಿನ ಮೇಲೇ, ದಿಂಬಿನ ಪಕ್ಕ ಇದ್ದವು, ಬಗ್ಗುವುದು ಬೇಡವೆಂದು.

ಒಟಿಲಿ ಕೈಗವಸು ತೆಗೆದು ಆ ಹಗ್ಗವನ್ನೊಮ್ಮೆ ಮುಟ್ಟಿದಳು.

"ಯಜಮಾನರೇ, ನಾನು ಹಾಸಿಗೆ ನೋಡಿದ್ದೇನೆ. ಸೋದರ ತೌನೊ ಮಲಗಿದ್ದಾರೆ" ಎಂದೆ. ಈ ಸಲ ತಡೆಯುವ ಮಾತು ಬರಲಿಲ್ಲ.

ಆಮೇಲೆ ಎಲ್ಲವೂ ಸಲೀಸಾಗಿ ನಡೆಯಿತು. ಕೈ ಎತ್ತಿಸಬೇಕಾದ ಅಗತ್ಯವೇ ಬರಲಿಲ್ಲ. ಉಗ್ರಾಣದಿಂದ ಮಂಚ ಈಗಲೇ ಬರಬೇಕು, ನಡೆಯಲು ಹಿಡಿದುಕೊಳ್ಳುವ ಚೌಕಟ್ಟು ಬರಬೇಕು; ಸೌದೆ ಒಳಗೆ ತಂದಿಡಲು ಸರದಿ; ದೊಡ್ಡ ಊರಿನ ಎಲುಬಿನ ಡಾಕ್ಟರ ಹತ್ತಿರ ಕರೆದೊಯ್ಯಲು ನಾನು. ಗೀಡೊ ಮೂವರನ್ನು ಕಟ್ಟಿಕೊಂಡು ಪಿಕಪ್ಪಿನಲ್ಲಿ ಮಂಚ ತರಲು ಹೋದ. ಮಿಕ್ಕವರಿಗೆ ಕಾಫಿ ಇಟ್ಟೆ.

ತೌನೊ ಬೆಂಚಿನ ಮೇಲೆ ಕೂತು ತಮ್ಮ ಪಟ್ಟಿಯ ಅಂಚನ್ನು ಸರಿಮಾಡಿಕೊಳ್ಳುತ್ತಿದ್ದರು. ನಾನು ಕಾಫಿ ಹಿಡಿದು ಪಕ್ಕದಲ್ಲಿ ಕೂತೆ.

"ದೀಪ ನಿನಗೇ ಬರುತ್ತೆ, ಬೇರೆ ಯಾರಿಗೂ ಕೆಲಸ ಗೊತ್ತಿಲ್ಲ" ಎಂದರು.

"ನಾನೇ ತಗೋತೀನಿ."

"ವಾಪಸ್ ಬಂದಿದ್ದು ನಾನು ನೋಡಿಲ್ಲ, ಅರ್ಲೀನ್. ಮೂರು ಜನ ದೀಪದವರನ್ನ ನೋಡಿದ್ದೀನಿ ನಾನು."

"ಆ ಮೂರೂ ಜನ ಯಾವಾಗ ಕೊಟ್ಟರು ಹೇಳಿ. ಸೊಂಟ ಮುರಿದ ಮೇಲೆ. ಬಿದ್ದ ಮೇಲೆ. ಒಬ್ಬರಂತೂ ಆಸ್ಪತ್ರೆಯಿಂದ ಕೊಟ್ಟು ಕಳಿಸಿದರು. ನೀವು ಬೀಳೋ ಮೊದಲೇ ಕೊಡ್ತಿದ್ದೀರಿ. ಬೀಳದೆ ಇದ್ದೋರು ಏಳ್ತಾರೆ."

ಅವರು ಇದನ್ನು ಕಾಫಿಯ ಜೊತೆ ನಿಧಾನವಾಗಿ ಒಳಗೆ ಇಳಿಸಿಕೊಂಡರು. ನಾನು ಸಮಾಧಾನಕ್ಕೆ ಹೇಳಿದ್ದಲ್ಲ. ಈಗಿನ ಕಾಲದಲ್ಲಿ ಸೊಂಟಕ್ಕೆ ಹೊಸ ಕೀಲು ಹಾಕಿಸಿಕೊಂಡು ಹಿಮದ ಮೇಲೆ ಸ್ಕೀ ಮಾಡುವವರು ನಮ್ಮೂರಲ್ಲೇ ಇದ್ದಾರೆ.

"ಐಸು ಕರಗಿದ ಕೂಡಲೇ ವಾಪಸ್ ಕೇಳ್ತೀನಿ" ಎಂದರು.

"ಕೇಳಿ. ಆದರೆ ನಾನು ಅಷ್ಟು ಸುಲಭಕ್ಕೆ ಕೊಡ್ತೀನಿ ಅಂದ್ಕೋಬೇಡಿ. ನಿಮ್ಮ ಮನೆಗೆ ಬಂದು ನೀರು ಕೇಳ್ತೀನಿ. ಎದ್ದು ತಂದುಕೊಟ್ಟರೆ ಆಮೇಲೆ ಮಾತು."

"ಸೂಪ್ ತಗೊಂಡು ಬಾ. ಪಾಸ್ಟಿ ತಂದರೆ ಒಳಗೆ ಬಿಡಲ್ಲ."

ಹೊರಗೆ ಪಿಕಪ್ಪಿನ ಸದ್ದಾಯಿತು. ನಾಲ್ಕು ಜನ ಮಂಚವನ್ನು ಹಿತ್ತಿಲ ಕಡೆಯಿಂದ ಅಡುಗೆಮನೆಯ ಬಾಗಿಲಿಗೆ ತಂದರು. ಅಡ್ಡಡ್ಡ ಹಿಡಿದರು, ಓರೆಯಾಗಿ ಹಿಡಿದರು, ತಲೆಕೆಳಗು ಮಾಡಿದರು. ಬಾಗಿಲು ಎರಡು ಬೆರಳಿನಷ್ಟು ಸಾಲದಾಯಿತು.

"ಬಾಗಿಲನ್ನೇ ಬಿಚ್ಚಬೇಕು. ಸುತ್ತಿಗೆ ಎಲ್ಲಿದೆ?" ಎಂದ ಗೀಡೊ.

"ನಿನ್ನ ಜೇಬಲ್ಲೇ ಇದೆ, ಸಭೆ ಸುತ್ತಿಗೆ. ಕೆಳಗಿನಿಂದ ಮೇಲಕ್ಕೆ ಹೊಡಿ" ಎಂದು ತೌನೊ ಒಳಗಿಂದಲೇ ಕೂಗಿದರು. "ಮೆಲ್ಲಗೆ ಕಣೋ, ಆ ಕೀಲು ನನಗಿಂತ ಹಳೇದು."

"ನನಗೆ ಗೊತ್ತಪ್ಪ. ನಲವತ್ತು ವರ್ಷ ರಿಪೇರಿ ಕೆಲಸಾನೇ ಮಾಡಿದ್ದೀನಿ."

"ಅದಕ್ಕೇ ಹೇಳಿದ್ದು."

ಗೀಡೊ ಹೊಡೆದ. ಮೇಲಿನ ಕೀಲಿನ ಕಡ್ಡಿ ಚಂಗನೆ ಹಾರಿ ಕತ್ತಲೆಯ ಹಿಮದೊಳಗೆ ಬಿತ್ತು. ಮಂಚವನ್ನು ಅಲ್ಲೇ ಇಳಿಸಿದರು. ಯಾರೋ ಕಾರಿನ ದೀಪ ಆ ಕಡೆಗೆ ತಿರುಗಿಸಿದರು. ನೀಲಿ ಮಖಮಲ್ಲಿನ ಪಟ್ಟಿ ಹಾಕಿಕೊಂಡವರೆಲ್ಲ ಹಿತ್ತಿಲಲ್ಲಿ ಮೊಣಕಾಲೂರಿ ಕೈಯಿಂದ ಹಿಮ ಬಗೆದು ಹುಡುಕತೊಡಗಿದರು. ಚರ್ಚಿನ ಬೂಟಿನ ಒಟಿಲಿಯೂ ಅವರ ನಡುವೆ ಕೂತಿದ್ದಳು. ಕಡ್ಡಿ ಸಿಕ್ಕಿದ್ದು ಅವಳಿಗೇ.